ಮರಕ್ಕೆ ತೂಕ ಎಲ್ಲಿಂದ ಬಂತು? ಮಕ್ಕಳು 'ಗೊಬ್ಬರ' ಅಂತಲೇ ಹೇಳ್ತಾರೆ, ಏನು ಮಾಡಲಿ?

ಅಕ್ಕೋರು_ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳುತ್ತೇನೆ. ಕಳೆದ ವಾರ 'ಸಸ್ಯಗಳಲ್ಲಿ ಪೋಷಣೆ' ಪಾಠ ಮುಗಿಸಿ ಚಿಕ್ಕ ಪರೀಕ್ಷೆ ಇಟ್ಟೆ. 22 ಮಕ್ಕಳು. ದ್ಯುತಿಸಂಶ್ಲೇಷಣೆಗೆ ಏನೇನು ಬೇಕು ಅಂದರೆ 19 ಜನ ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್, ಪತ್ರಹರಿತು ಅಂತ ಒಂದೂ ಬಿಡದೆ ಬರೆದರು. ನನಗೂ ಖುಷಿಯಾಯಿತು.

ಬೆಲ್ ಹೊಡೆಯಲು ಇನ್ನೂ ಐದು ನಿಮಿಷ ಇತ್ತು. ಸುಮ್ನೆ ಕಿಟಕಿಯಾಚೆಯ ಅಡಿಕೆ ಮರ ತೋರಿಸಿ ಕೇಳಿದೆ. "ಇದು ಸಸಿ ಇದ್ದಾಗ ನಿಮ್ಮ ಮೊಣಕಾಲೆತ್ತರ ಇತ್ತು. ಈಗ ಕಡಿದರೆ ಹೊರಲಿಕ್ಕೆ ಐದಾರು ಜನ ಬೇಕು. ಅಷ್ಟು ಸಾಮಾನು ಎಲ್ಲಿಂದ ಬಂತು?"

"ಗೊಬ್ಬರದಿಂದ ಅಕ್ಕೋರೆ!" ಇಡೀ ಕ್ಲಾಸಿಗೆ ಒಂದೇ ದನಿ. ಒಬ್ಬ ಮಾತ್ರ "ಮಣ್ಣಿಂದ" ಅಂದ. ಗಾಳಿ ಅಂತ ಒಬ್ಬರೂ ಹೇಳಲಿಲ್ಲ. ಅದೇ ಮಕ್ಕಳು, ಅದೇ ದಿನ, ಇಂಗಾಲದ ಡೈಆಕ್ಸೈಡ್ ಅಂತ ಬರೆದುಕೊಟ್ಟವರು.

ಇವರ ಮನೆಯಲ್ಲೆಲ್ಲ ತೋಟ ಇದೆ. ಸೊಪ್ಪು ತರುವುದು, ಕೊಟ್ಟಿಗೆಗೆ ಹಾಸುವುದು, ಗೊಬ್ಬರ ಹೊರುವುದು ಎಲ್ಲ ಕಣ್ಣಾರೆ ಕಂಡಿದ್ದಾರೆ. ನನ್ನ ಪಾಠಕ್ಕಿಂತ ಆ ಗೊಬ್ಬರದ ಬುಟ್ಟಿ ಭಾರ. ಅದನ್ನು ಹೇಗೆ ಇಳಿಸುವುದು?

ಇನ್ನೊಂದು ಗೋಳು. ಮನಿಪ್ಲಾಂಟ್ ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಆರು ತಾಸು ಬಿಸಿಲಿಗಿಟ್ಟು, ಎಲೆಯಲ್ಲಿ ಪಿಷ್ಟ ಆಯಿತೇ ಅಂತ ನೋಡಲು ಅಯೋಡಿನ್ ಹಾಕುವ ಪ್ರಯೋಗ ಇದೆಯಲ್ಲ. ಶಿರಸಿಯಲ್ಲಿ, ಜುಲೈನಲ್ಲಿ, ಆರು ತಾಸು ಬಿಸಿಲು! ಕಪ್ಪು ನೀಲಿ ಆಗಬೇಕಿದ್ದ ಎಲೆ ಪೂರ್ತಿ ಕಂದಾಗಿಯೇ ಉಳಿಯಿತು. ಮಕ್ಕಳು ನನ್ನ ಮುಖ ನೋಡಿದರು, ನಾನು ಎಲೆಯ ಮುಖ ನೋಡಿದೆ.

ಘಟ್ಟದ_ಕೆಳಗಿನವ (ಅಂಕೋಲಾ)

ಯೂಟ್ಯೂಬಿನಲ್ಲಿ ಚೆಂದದ ಅನಿಮೇಷನ್ ಇವೆ ಅಕ್ಕೋರೆ. ತೋರಿಸಿಬಿಡಿ.

ಅಕ್ಕೋರು_ಶಿರಸಿ

ತೋರಿಸಿದೆ. ಎಲೆಗೆ ಕಣ್ಣು ಬಾಯಿ ಇರುವ ವಿಡಿಯೋ. ಎಲೆ ಬಾಯಿ ತೆರೆದು ಗಾಳಿ ತಿಂದಿತು, ಮಕ್ಕಳು ನಕ್ಕರು. ಅಡಿಕೆ ಮರಕ್ಕೆ ಮತ್ತೆ ಗೊಬ್ಬರವೇ ಉತ್ತರ.

ಹಳೇ_ಮಾಸ್ತರ (ಕುಮಟಾ)

ನಾನು ರಿಟೈರ್ ಆಗಿ ಒಂಬತ್ತು ವರ್ಷ. ಈ ಪ್ರಶ್ನೆ ನನ್ನನ್ನೂ ಕಾಡಿತ್ತು. ಮಕ್ಕಳ ತಪ್ಪಲ್ಲ ಅದು. ಎರಡು ಸಾವಿರ ವರ್ಷ ದೊಡ್ಡ ದೊಡ್ಡವರೂ ಗಿಡ ಮಣ್ಣು ತಿನ್ನುತ್ತದೆ ಅಂತಲೇ ನಂಬಿದ್ದರು.

ಫಾನ್ ಹೆಲ್ಮಾಂಟ್ ಎಂಬಾತನ ಕಥೆ ಹೇಳಿ. ಈಗಿನ ಬೆಲ್ಜಿಯಂನವನು. ಕುಂಡದಲ್ಲಿ 200 ಪೌಂಡ್ ಒಣ ಮಣ್ಣು ತೂಗಿ ಹಾಕಿದ. 5 ಪೌಂಡಿನ ವಿಲ್ಲೋ ಗಿಡ ನೆಟ್ಟ. ಐದು ವರ್ಷ ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಆಮೇಲೆ ಕಿತ್ತು ತೂಗಿದರೆ ಗಿಡ 169 ಪೌಂಡ್ ಚಿಲ್ಲರೆ. ಅಂದರೆ ಹೆಚ್ಚುಕಮ್ಮಿ 77 ಕೆಜಿ. ಮಣ್ಣು ಒಣಗಿಸಿ ತೂಗಿದ. ಕಡಿಮೆಯಾದದ್ದು ಎರಡು ಔನ್ಸ್, ನಮ್ಮ ಲೆಕ್ಕದಲ್ಲಿ 57 ಗ್ರಾಂ. ಇದು ಅಚ್ಚಾದದ್ದು 1648ರಲ್ಲಿ, ಅವನು ಸತ್ತ ಮೇಲೆ.

ತಮಾಷೆ ಏನೆಂದರೆ ಇಷ್ಟು ಚೊಕ್ಕ ಮಾಡಿ ಕೊನೆಗೆ ಅವನೂ ತಪ್ಪಿದ. ಮರ ಪೂರ್ತಿ ನೀರಿನಿಂದ ಆಯಿತು ಅಂದ. ಗಾಳಿ ಅವನ ಲೆಕ್ಕದಲ್ಲೇ ಬರಲಿಲ್ಲ. 'ಗ್ಯಾಸ್' ಎಂಬ ಶಬ್ದ ಹುಟ್ಟಿಸಿದ ಮನುಷ್ಯನೇ ಅವನು, ಅವನಿಗೇ ಹೊಳೆಯಲಿಲ್ಲ ನೋಡಿ. ಈ ಕಥೆ ಕೇಳಿದ ಮಕ್ಕಳಿಗೆ 'ನಾವು ಗೊಬ್ಬರ ಅಂದದ್ದು ದಡ್ಡತನ' ಅಂತ ಅನಿಸುವುದಿಲ್ಲ. ಅದು ದೊಡ್ಡ ಲಾಭ.

ಹಾಳೆಟೊಪ್ಪಿ (ಸಿದ್ದಾಪುರ)

ತೋಟ ಮಾಡುವವ ನಾನು. ಮಾಸ್ತರು ಹೇಳಿದ್ದು ಪುಸ್ತಕಕ್ಕೆ ಸರಿ. ನನಗೆ ಒಂದು ಹೇಳಿ. ಗಿಡಕ್ಕೆ ಊಟ ಗಾಳಿಯಲ್ಲೇ ಇದ್ದರೆ ನಾವು ಯಾಕೆ ಒದ್ದಾಡಬೇಕು? ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ (ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಅಂತ ಬ್ರಿಟಿಷರ ಕಾಲದಲ್ಲೇ ಲೆಕ್ಕ ಇಟ್ಟಿದ್ದಾರೆ. ನಮ್ಮ ಹಿರಿಯರು ಸುಮ್ನೆ ಸೊಪ್ಪು ಹೊತ್ತರಾ? ಎರಡು ವರ್ಷ ಗೊಬ್ಬರ ಬಿಟ್ಟು ನೋಡಿ, ಅಡಿಕೆ ಕೊನೆ (ಗೊನೆ) ಎಷ್ಟು ಸಣ್ಣ ಆಗ್ತದೆ ಅಂತ ನಾನು ತೋರಿಸ್ತೇನೆ. ಮಕ್ಕಳು ಹೇಳಿದ್ದರಲ್ಲಿ ತಪ್ಪಿಲ್ಲ.

ಬಯೋ_ತಂಗಿ (ಊರು ಯಲ್ಲಾಪುರ, ಓದು ಧಾರವಾಡ)

ಅಣ್ಣಾ, ನೀವು ಹೇಳಿದ್ದೂ ಸರಿಯೇ. ಗೊಬ್ಬರ ಬೇಕೇ ಬೇಕು. ಆದರೆ ಎಷ್ಟು ಬೇಕು, ಎಂತಕ್ಕೆ ಬೇಕು ಅಂತ ನೋಡಬೇಕು. ಎಲೆಯ ಹಸಿರು ಬಣ್ಣ ಇದೆಯಲ್ಲ, ಪತ್ರಹರಿತು, ಅದರ ಒಂದೊಂದು ಅಣುವಿನ ನಡುವೆ ಒಂದು ಮೆಗ್ನೀಸಿಯಂ ಕೂತಿದೆ, ಸುತ್ತ ನಾಲ್ಕು ಸಾರಜನಕ. ಈ ಎರಡೂ ಬರುವುದು ಮಣ್ಣಿನಿಂದ. ಗೊಬ್ಬರ ಇಲ್ಲದಿದ್ದರೆ ಹಸಿರೇ ಸರಿ ಆಗುವುದಿಲ್ಲ, ಹಸಿರಿಲ್ಲದಿದ್ದರೆ ಬೆಳಕು ಹಿಡಿಯುವವರು ಯಾರು? ಕೊನೆ ಸಣ್ಣ ಆಗಲೇಬೇಕು.

ಅಡುಗೆಗೆ ಉಪ್ಪಿದ್ದ ಹಾಗೆ ಅಂದುಕೊಳ್ಳಿ. ಉಪ್ಪಿಲ್ಲದಿದ್ದರೆ ಊಟ ಇಳಿಯುವುದಿಲ್ಲ. ಹಾಗಂತ ಬರೀ ಉಪ್ಪು ತಿಂದು ಯಾರೂ ದಪ್ಪ ಆಗಿಲ್ಲ.

ಹಾಳೆಟೊಪ್ಪಿ

ಉಪ್ಪಿನ ಲೆಕ್ಕ ಚೆನ್ನಾಗಿದೆ ತಂಗಿ. ಆದರೆ ಗಾಡಿಗಟ್ಟಲೆ ಉಪ್ಪು ಯಾರು ಹಾಕ್ತಾರೆ?

ಬಯೋ_ತಂಗಿ

ಗಾಡಿಗಟ್ಟಲೆ ಹಾಕುವ ಸೊಪ್ಪು, ದರಕು (ಒಣಗಿ ಬಿದ್ದದ್ದು) ಕೂಡ ಎಲೆಯೇ ಅಲ್ವಾ? ಅದರ ತೂಕವೂ ಹೆಚ್ಚಿನಂಶ ಗಾಳಿಯಿಂದಲೇ ಬಂದದ್ದು. ಕೊಟ್ಟಿಗೆಯಲ್ಲಿ, ಗುಂಡಿಯಲ್ಲಿ ಕೊಳೆಯುವಾಗ ಅದರ ಬಹುಪಾಲು ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಗುಂಡಿ ತುಂಬ ಹಾಕಿದ್ದು ಮಾಗಿದ ಮೇಲೆ ಅರ್ಧಕ್ಕೆ ಇಳಿಯುತ್ತದಲ್ಲ, ಅದಕ್ಕೇ. ಒಂಬತ್ತು ಎಕರೆ ಬೆಟ್ಟದಿಂದ ನೀವು ಹೊತ್ತು ತರುವುದರಲ್ಲಿ ಅಡಿಕೆ ಮರ ನಿಜವಾಗಿ ಎಳೆದುಕೊಳ್ಳುವುದು ಆ ಚೂರು ಉಪ್ಪನ್ನೇ. ಉಳಿದದ್ದು ಮಣ್ಣನ್ನು ಮೆತ್ತಗಿಡುತ್ತದೆ, ತೇವ ಹಿಡಿಯುತ್ತದೆ. ಅದೂ ದೊಡ್ಡ ಉಪಕಾರವೇ.

ಬಚ್ಚಲ_ಒಲೆ (ಶಿರಸಿ)

ನಿಮ್ಮ ಉಪ್ಪು ನೋಡಬೇಕಾದರೆ ನಮ್ಮ ಬಚ್ಚಲಿಗೆ ಬನ್ನಿ.

ತಮಾಷೆ ಅಲ್ಲ. ಮಳೆಗಾಲಕ್ಕೆ ಅಂತ ನಾವು ಕಟ್ಟಿಗೆ ಕೊಟ್ಟಿಗೆ ತುಂಬ ಕಟ್ಟಿಗೆ ಹಾಕ್ತೇವೆ. ಗಣಪತಿ ಹಬ್ಬದ ಹೊತ್ತಿಗೆ ಅರ್ಧ ಖಾಲಿ. ಬೂದಿ? ನಾಲ್ಕೈದು ಬುಟ್ಟಿ ಆದರೆ ಹೆಚ್ಚು. ನಾನು ಸಣ್ಣವನಿದ್ದಾಗ ಅಜ್ಜನ ಹತ್ರ ಕೇಳಿದ್ದೆ, ಇಷ್ಟು ಕಟ್ಟಿಗೆ ಎಲ್ಲಿಗೆ ಹೋಯ್ತು ಅಂತ. "ಹೊಗೆಯಾಗಿ ಮಾಡಿನಿಂದ ಹೋಯ್ತು" ಅಂದಿದ್ದರು. ಅಕ್ಕೋರ ಪ್ರಶ್ನೆ ಓದುವಾಗ ಅದು ನೆನಪಾಯಿತು. ಮರ ಮಣ್ಣಿನಿಂದ ಆಗಿದ್ದರೆ ಸುಟ್ಟಾಗ ಮಣ್ಣು ಉಳಿಯಬೇಕಿತ್ತು. ಉಳಿದದ್ದು ಒಂದು ಹಿಡಿ. ಬಾಕಿಯೆಲ್ಲ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು ಅಂತಾಯ್ತಲ್ಲ?

ಮಕ್ಕಳಿಗೆ ಇದೇ ತೋರಿಸಬಹುದೇನೋ. ವಿಲ್ಲೋ ಗಿಡ ನಮ್ಮಲ್ಲಿ ಯಾರೂ ಕಂಡಿಲ್ಲ. ಬಚ್ಚಲ ಒಲೆ ಎಲ್ಲರ ಮನೆಯಲ್ಲೂ ಇದೆ.

ಅಕ್ಕೋರು_ಶಿರಸಿ

ಅಯ್ಯೋ, ಇದು ನನಗೆ ಯಾಕೆ ಹೊಳೆಯಲಿಲ್ಲ! ಬೆಳಗ್ಗೆ ಎದ್ದು ನಾನೇ ಒಲೆ ಹಚ್ಚುತ್ತೇನೆ.

ಬಯೋ_ತಂಗಿ

ತುಂಬಾ ಚೆನ್ನಾಗಿದೆ. ಒಂದು ಸಣ್ಣ ತಿದ್ದುಪಡಿ. ಬೂದಿಯಲ್ಲಿ ಪೊಟ್ಯಾಶ್, ಸುಣ್ಣದ ಅಂಶ, ಮೆಗ್ನೀಸಿಯಂ, ರಂಜಕ ಉಳಿಯುತ್ತವೆ. ಮಣ್ಣಿನಿಂದ ಬಂದ ಸಾರಜನಕ ಮಾತ್ರ ಸುಡುವಾಗ ಹೊಗೆಯ ಜೊತೆಗೇ ಹೋಗುತ್ತದೆ. 'ಮಣ್ಣಿಂದ ಬಂದದ್ದೆಲ್ಲ ಬೂದಿಯಲ್ಲಿದೆ' ಅಂತ ಹೇಳಬೇಡಿ, 'ಹೆಚ್ಚಿನದು' ಅನ್ನಿ. ಕಟ್ಟಿಗೆಯಲ್ಲಿ ಸಾರಜನಕ ಇರುವುದೇ ತೀರಾ ಕಡಿಮೆ, ಲೆಕ್ಕ ಏನೂ ಕೆಡುವುದಿಲ್ಲ.

ಪೂರ್ತಿ ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದು ಗಾಳಿಯದ್ದು. ಉಳಿದರ್ಧದಲ್ಲಿ ಹೆಚ್ಚಿನದು ಆಮ್ಲಜನಕ, ಸ್ವಲ್ಪ ಜಲಜನಕ. ಜಲಜನಕ ನೀರಿನದ್ದು. ಹೆಲ್ಮಾಂಟ್ ಪೂರ್ತಿ ತಪ್ಪಲ್ಲ, ಪಾಪ.

ಹಳೇ_ಮಾಸ್ತರ (ಕುಮಟಾ)

ಒಲೆಯ ಲೆಕ್ಕ ಬಹಳ ಹಿಡಿಸಿತು. ಆದರೆ ಅಕ್ಕೋರೆ, ಅದಕ್ಕೂ ಮೊದಲು ಒಂದು ಮೆಟ್ಟಿಲು ಹತ್ತಿಸಬೇಕು. ಮಕ್ಕಳ ತಲೆಯಲ್ಲಿ ಗಾಳಿಗೆ ತೂಕವೇ ಇಲ್ಲ. ತೂಕವಿಲ್ಲದ್ದರಿಂದ ಮರ ಆಗುತ್ತದೆ ಅಂದರೆ ಯಾರು ನಂಬುತ್ತಾರೆ? ನನ್ನ ಅನುಭವದಲ್ಲಿ ಈ ಪಾಠ ಎಡವುವುದೇ ಇಲ್ಲಿ.

ಒಂದು ಫುಟ್‌ಬಾಲ್ ತಗೊಳ್ಳಿ. ಮೆತ್ತಗಿದ್ದಾಗ ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ಪಂಪಿನಿಂದ ಗಟ್ಟಿಯಾಗುವವರೆಗೆ ಗಾಳಿ ತುಂಬಿ ಮತ್ತೆ ತೂಗಿ. ನಾಲ್ಕೈದು ಗ್ರಾಂ ಜಾಸ್ತಿ ತೋರಿಸುತ್ತದೆ. ಮಕ್ಕಳೇ ಪಂಪ್ ಹೊಡೆಯಲಿ. ಬೆವರು ಬಂದರೆ ನಂಬಿಕೆಯೂ ಬರುತ್ತದೆ.

ಆಮೇಲೆ ಕ್ಲಾಸ್ ರೂಮು ಅಳೆಯಿಸಿ. ಉದ್ದ ಅಗಲ ಆರಾರು ಮೀಟರು, ಎತ್ತರ ಮೂರು ಅಂತಿಟ್ಟುಕೊಳ್ಳಿ, 108 ಘನ ಮೀಟರು. ಒಂದು ಘನ ಮೀಟರು ಗಾಳಿ ಸುಮಾರು 1.2 ಕೆಜಿ. ಇಡೀ ರೂಮಿನ ಗಾಳಿ 125 ಕೆಜಿಗೂ ಮೇಲೆ, ಎರಡೂವರೆ ಮೂಟೆ ಅಕ್ಕಿಯಷ್ಟು. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಸಾವಿರಕ್ಕೆ ನಾಲ್ಕು ಪಾಲು ಮಾತ್ರ. ತೂಕದಲ್ಲಿ ಸುಮಾರು 80 ಗ್ರಾಂ. ಅದರೊಳಗಿನ ಬರೀ ಇಂಗಾಲ ಅಂದರೆ 22 ಗ್ರಾಂ ಆಸುಪಾಸು. ನಿಮ್ಮ ಮಕ್ಕಳ ಸಂಖ್ಯೆಯಷ್ಟೇ, ತಲೆಗೊಂದು ಗ್ರಾಂ!

ಏಳನೇ_ಕ್ಲಾಸಿನ_ಅಪ್ಪ (ಹೊನ್ನಾವರ)

ಮಾಸ್ತರೇ, ಅಷ್ಟು ಚೂರೇ ಚೂರು ಗಾಳಿಯಿಂದ ಇಷ್ಟು ಕಾಡು ಹೇಗೆ? ನನಗೇ ನಂಬಿಕೆ ಬರ್ತಾ ಇಲ್ಲ.

ಹಳೇ_ಮಾಸ್ತರ (ಕುಮಟಾ)

ಗಾಳಿ ನಿಂತಲ್ಲೇ ನಿಲ್ಲುವುದಿಲ್ಲವಲ್ಲ. ಒಂದು ಎಲೆಯ ಹತ್ತಿರ ಬಂದದ್ದು ಖಾಲಿಯಾದರೆ ಹಿಂದಿನಿಂದ ಇನ್ನೊಂದು ಬರುತ್ತದೆ. ಎಲೆಯ ಅಡಿಮೈಯಲ್ಲಿ ಸಾವಿರಾರು ಸಣ್ಣ ಬಾಯಿಗಳಿವೆ, ಪತ್ರರಂಧ್ರ ಅಂತಾರೆ. ನಿಮ್ಮ ಮನೆಯಲ್ಲಿ ಉಗುರಿಗೆ ಹಚ್ಚುವ ಬಣ್ಣರಹಿತ ಪಾಲಿಶ್ ಇದ್ದರೆ ಎಲೆಯ ಅಡಿಗೆ ಹಚ್ಚಿ, ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಎಳೆಯಿರಿ. ಅಚ್ಚು ಬರುತ್ತದೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ತುಟಿಗಳ ಹಾಗೆ ಕಾಣುತ್ತವೆ. ಮಗನಿಗಿಂತ ನೀವೇ ಜಾಸ್ತಿ ಹೊತ್ತು ನೋಡುತ್ತೀರಿ.

ಕಾಳಿ_ದಂಡೆ (ಕಾರವಾರ)

ಆ ಅಯೋಡಿನ್ ಪ್ರಯೋಗದಲ್ಲಿ ಹಸಿರು ತೆಗೆಯಲು ಎಲೆಯನ್ನು ಸ್ಪಿರಿಟ್‌ನಲ್ಲಿ ಕುದಿಸುವ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅವಸರಕ್ಕೆ ಬೀಕರನ್ನು ನೇರ ಬರ್ನರ್ ಮೇಲೆ ಇಟ್ಟೆವು. ಸ್ಪಿರಿಟ್ ಆವಿ ಭಗ್ ಅಂತ ಹತ್ತಿತು. ನನ್ನ ಹುಬ್ಬು ಹೋಯಿತು, ಮೇಜಿನ ಪೇಪರ್ ಹೋಯಿತು. ದೇವರ ದಯೆ, ಮಕ್ಕಳು ಹಿಂದೆ ಇದ್ದರು. ತಪ್ಪು ನನ್ನದೇ.

ಆಮೇಲಿಂದ ಬೆಂಕಿಯೇ ಇಲ್ಲ. ಮನೆಯಿಂದ ಥರ್ಮಾಸ್‌ನಲ್ಲಿ ಕುದಿಯುವ ನೀರು ಒಯ್ಯುತ್ತೇನೆ. ಎಲೆಯನ್ನು ಮೊದಲು ಅದರಲ್ಲಿ ಒಂದು ನಿಮಿಷ ಅದ್ದುವುದು. ಆಮೇಲೆ ಸ್ಪಿರಿಟ್ ಇರುವ ಪ್ರನಾಳದಲ್ಲಿ ಎಲೆ ಹಾಕಿ, ಪ್ರನಾಳವನ್ನು ಬಿಸಿನೀರಿನ ಲೋಟದಲ್ಲಿ ನಿಲ್ಲಿಸುವುದು. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಗೆ, ಬಿಸಿನೀರು ಸಾಕು. ಐದು ನಿಮಿಷಕ್ಕೆ ಸ್ಪಿರಿಟ್ ಹಸಿರು, ಎಲೆ ಬಿಳಚು. ಅಯೋಡಿನ್ ಇಲ್ಲದಿದ್ದರೆ ಮೆಡಿಕಲ್ ಶಾಪಿನ ಬೆಟಾಡಿನ್ ನೀರಿಗೆ ಬೆರೆಸಿದರೂ ನಡೆಯುತ್ತದೆ. ಮೊದಲು ಗಂಜಿ ತಿಳಿಗೆ ಹಾಕಿ ತೋರಿಸಿ, ಕಪ್ಪು ನೀಲಿ ಆದಾಗ 'ಇದು ಪಿಷ್ಟ' ಅನ್ನಿ. ಎಲೆಯಲ್ಲೂ ಅದೇ ಬಣ್ಣ ಬಂದರೆ ಅನ್ನದ ನೆಂಟಸ್ತಿಕೆ ಮಕ್ಕಳಿಗೇ ಗೊತ್ತಾಗುತ್ತದೆ.

ಮತ್ತೆ, ಈರುಳ್ಳಿ ಗಿಡದ ಎಲೆಗೆ ಹಾಕಿ ಕೂರಬೇಡಿ. ಅದು ಪಿಷ್ಟ ಕಟ್ಟುವುದಿಲ್ಲ, ಸಕ್ಕರೆಯ ರೂಪದಲ್ಲೇ ಇಡುತ್ತದೆ. ದಾಸವಾಳದ ಎಲೆ ಒಳ್ಳೆಯದು. ಆದರೂ ಜುಲೈನಲ್ಲಿ ನಾನು ಈ ಪ್ರಯೋಗಕ್ಕೆ ಕೈ ಹಾಕುವುದೇ ಇಲ್ಲ. ನವೆಂಬರಿಗೆ ಇಡಿ.

ಬಯೋ_ತಂಗಿ

ಮಳೆಗಾಲಕ್ಕೆ ಬೇರೆ ಪ್ರಯೋಗ ಇದೆ ಅಕ್ಕೋರೆ. ಬಿಸಿಲು ಬೇಡ, ಸ್ಪಿರಿಟ್ ಬೇಡ, ಬೆಂಕಿ ಬೇಡ. ನಾನು ಊರಿಗೆ ಬಂದಾಗ ಅಕ್ಕನ ಮಕ್ಕಳಿಗೆ ಅಡುಗೆಮನೆಯಲ್ಲೇ ಮಾಡಿ ತೋರಿಸಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಬೇಕಾದ್ದು: ಪಾಲಕ್ ಎಲೆ, ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಸೂಜಿ ಇಲ್ಲದ 10 ಎಂಎಲ್ ಸಿರಿಂಜ್, ಒಂದು ಎಲ್‌ಇಡಿ ಬಲ್ಬ್. ಕಾಗದಕ್ಕೆ ತೂತು ಮಾಡುವ ಪಂಚಿಂಗ್ ಮಷಿನ್ನಿನಿಂದ ಎಲೆಯಲ್ಲಿ ಹತ್ತು ಚಕ್ರ ಮಾಡಿ. ದಪ್ಪ ನರ ಬಿಡಿ. ಅರ್ಧ ಲೋಟ ನೀರಿಗೆ ಎರಡು ಚಿಟಿಕೆ ಸೋಡಾ ಹಾಕಿ ಕದಡಿ, ಲಿಕ್ವಿಡ್ ಹನಿ ಹಾಕಿ. ನೊರೆ ಬರಿಸಬೇಡಿ.

ಈಗ ನೀರಿಗೆ ಹಾಕಿದರೆ ಚಕ್ರಗಳು ತೇಲುತ್ತವೆ, ಎಲೆಯೊಳಗೆ ಗಾಳಿ ಇದೆಯಲ್ಲ. ಆ ಗಾಳಿ ತೆಗೆಯಬೇಕು. ಚಕ್ರಗಳನ್ನು ಸಿರಿಂಜಿಗೆ ಹಾಕಿ, ಸೋಡಾ ನೀರು ಎಳೆದುಕೊಳ್ಳಿ. ಮೂತಿ ಮೇಲೆ ಮಾಡಿ ಗಾಳಿ ಹೊರಗೆ ಹಾಕಿ. ಆಮೇಲೆ ಮೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಹಿಂದಿನ ದಂಟನ್ನು ಜೋರಾಗಿ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಎಲೆಯ ಅಂಚಿನಿಂದ ಸಣ್ಣ ಗುಳ್ಳೆ ಹೊರಡುವುದು ಕಾಣುತ್ತದೆ. ಬಿಟ್ಟಾಗ ಆ ಜಾಗಕ್ಕೆ ಸೋಡಾ ನೀರು ಹೋಗುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಚಕ್ರಗಳು ಕಲ್ಲಿನ ಹಾಗೆ ಮುಳುಗುತ್ತವೆ, ಬಣ್ಣವೂ ಸ್ವಲ್ಪ ಗಾಢ ಆಗುತ್ತದೆ.

ಎಲ್ಲವನ್ನೂ ಸೋಡಾ ನೀರಿನ ಗಾಜಿನ ಲೋಟಕ್ಕೆ ಸುರಿದು, ಒಂದು ಗೇಣು ದೂರದಲ್ಲಿ ಬಲ್ಬ್ ಹಚ್ಚಿ. ಐದು ನಿಮಿಷ ಏನೂ ಇಲ್ಲ. ಮಕ್ಕಳು ಗಲಾಟೆ ಶುರು ಮಾಡುತ್ತಾರೆ. ಅಷ್ಟರಲ್ಲಿ ಒಂದು ಚಕ್ರ ಅಂಚಿನ ಮೇಲೆ ನಿಲ್ಲುತ್ತದೆ, ಅಲ್ಲಾಡುತ್ತದೆ, ಆಮೇಲೆ ಸುಯ್ಯ್ ಅಂತ ಮೇಲೆ ಬರುತ್ತದೆ. ನಮ್ಮ ಮನೆಯಲ್ಲಿ ಹತ್ತರಲ್ಲಿ ಐದು ಮೇಲೆ ಬರಲು 11 ನಿಮಿಷ ಬೇಕಾಯಿತು. ಎಲೆ ಆಮ್ಲಜನಕ ಮಾಡಿ, ಅದು ಗುಳ್ಳೆಯಾಗಿ ಒಳಗೆ ತುಂಬಿ ಚಕ್ರವನ್ನು ಎತ್ತುತ್ತದೆ. ಇನ್ನೊಂದು ಲೋಟವನ್ನು ಕಪ್ಪು ಬಟ್ಟೆ ಮುಚ್ಚಿ ಪಕ್ಕದಲ್ಲೇ ಇಡಿ. ಅದರಲ್ಲಿ ಎಲ್ಲ ತಳದಲ್ಲೇ ಕೂತಿರುತ್ತವೆ. ಮೂರನೆಯದಕ್ಕೆ ಸೋಡಾ ಹಾಕದೆ ಬರೀ ಕುದಿಸಿ ಆರಿಸಿದ ನೀರು ಹಾಕಿ. ಅಲ್ಲೂ ಹೆಚ್ಚುಕಮ್ಮಿ ಏಳುವುದಿಲ್ಲ, ಇಂಗಾಲದ ಡೈಆಕ್ಸೈಡ್ ಕೊಡುವ ಸೋಡಾ ಇಲ್ಲವಲ್ಲ.

ತೇಲಿದ್ದನ್ನು ಕತ್ತಲಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮುಳುಗುತ್ತವೆ. ಎಲೆಯೂ ಉಸಿರಾಡುತ್ತದೆ, ಮಾಡಿದ ಆಮ್ಲಜನಕವನ್ನು ತಾನೇ ಬಳಸುತ್ತದೆ.

ಏಳನೇ_ಕ್ಲಾಸಿನ_ಅಪ್ಪ (ಹೊನ್ನಾವರ)

ನಿನ್ನೆ ರಾತ್ರಿಯೇ ಮಾಡಿದೆವು. ಪಾಲಕ್ ಸಿಗಲಿಲ್ಲ, ಮನೆಯ ಬಸಳೆ ಎಲೆಯಲ್ಲಿ ಮಾಡಿದೆ. ಲೋಳೆ ಬಂದು ಚಕ್ರಗಳು ಒಂದಕ್ಕೊಂದು ಅಂಟಿಕೊಂಡವು. ಹತ್ತರಲ್ಲಿ ಮೂರೇ ಎದ್ದವು. ಮಗ ಮಾತ್ರ "ಅಪ್ಪಾ, ನಾಲ್ಕನೇದು ಏಳ್ತದೆ ನೋಡು" ಅಂತ ಹತ್ತೂವರೆವರೆಗೆ ಮಲಗಲಿಲ್ಲ. ಅವನ ಅಮ್ಮ ಇಬ್ಬರಿಗೂ ಬೈದಳು.

ಬಯೋ_ತಂಗಿ

ಬಸಳೆ ದಪ್ಪ, ಲೋಳೆ ಬೇರೆ. ತೆಳು ಎಲೆ ಬೇಕು. ರೋಮ ಇರುವ ಎಲೆಯೂ ಆಗುವುದಿಲ್ಲ.

ಅಂದಹಾಗೆ ಈ ಎಲ್‌ಇಡಿ ಬಲ್ಬಿನಲ್ಲಿ ಇನ್ನೊಂದು ಲಾಭ ಇದೆ. 'ಎಲೆ ಅಂದರೆ ಅಡುಗೆಮನೆ' ಅಂತ ನಾವು ಹೇಳಿ ಹೇಳಿ, ಬಿಸಿಲಿನ ಬಿಸಿ ಎಲೆಯನ್ನು ಬೇಯಿಸುತ್ತದೆ ಅಂತ ಮಕ್ಕಳು ತಿಳಿದಿರುತ್ತಾರೆ. ಎಲ್‌ಇಡಿಯಿಂದ ಲೋಟ ಬಿಸಿ ಆಗುವುದೇ ಇಲ್ಲ ಅನ್ನಬಹುದು. ಮುಟ್ಟಿ ನೋಡಿ ಅನ್ನಿ. ಆದರೂ ಚಕ್ರ ತೇಲಿತು. ಕೆಲಸ ಮಾಡಿದ್ದು ಬೆಳಕು.

ಅಕ್ಕೋರು_ಶಿರಸಿ

ಅಡುಗೆಮನೆ ಉದಾಹರಣೆ ನಾನೂ ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ! ಇನ್ನು ಬಿಡುವುದಾ?

ಹಳೇ_ಮಾಸ್ತರ (ಕುಮಟಾ)

ಬಿಡಬೇಡಿ, ಆದರೆ ಒಲೆ ತೆಗೆಯಿರಿ. ನಾನು 'ಮನೆ ಕಟ್ಟುವುದು' ಅಂತ ಹೇಳುತ್ತಿದ್ದೆ. ಕಲ್ಲು ಗಾಳಿಯಿಂದ, ನೀರು ಬೇರಿನಿಂದ, ಕಟ್ಟುವ ಆಳು ಬೆಳಕು. ಇದರಲ್ಲೂ ದೋಷ ಇದೆ. ಎಲ್ಲ ಹೋಲಿಕೆಗಳೂ ಸ್ವಲ್ಪ ದೂರ ಹೋಗಿ ಕುಂಟುತ್ತವೆ, ಅಲ್ಲಿ ಇಳಿಸಿ ಬೇರೆ ಹತ್ತಿಸಬೇಕು.

ದ್ಯುತಿಸಂಶ್ಲೇಷಣೆ ಎಂಬ ಶಬ್ದಕ್ಕೇ ಒಂದು ದಿನ ಕೊಡಿ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಜೋಡಿಸಿ ಕಟ್ಟುವುದು. ಬೆಳಕಲ್ಲಿ ಕಟ್ಟುವುದು. ಶಬ್ದ ಬಿಡಿಸಿದರೆ ಅರ್ಧ ಪಾಠ ಅಲ್ಲೇ ಇದೆ, ಮಕ್ಕಳು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ.

ಕಾಳಿ_ದಂಡೆ (ಕಾರವಾರ)

ನೀರೊಳಗೆ ಬೆಳೆಯುವ ಹೈಡ್ರಿಲ್ಲಾ ಗಿಡದ ಪ್ರಯೋಗ ಯಾರೂ ಹೇಳಲಿಲ್ಲವಲ್ಲ. ಕೆರೆಯಿಂದ ತಂದು, ಬೀಕರಿನಲ್ಲಿ ಆಲಿಕೆ ಕವಿಚಿ, ಮೇಲೆ ಪ್ರನಾಳ. ಒಂದು ಎಚ್ಚರಿಕೆ. ತಣ್ಣನೆಯ ನಲ್ಲಿ ನೀರು ಹಾಕಿದ ಕೂಡಲೇ ಬರುವ ಗುಳ್ಳೆ ನೋಡಿ 'ಆಮ್ಲಜನಕ ಬಂತು' ಅಂತ ಕುಣಿಯಬೇಡಿ. ನೀರು ಬೆಚ್ಚಗಾಗುವಾಗ ಅದರಲ್ಲಿ ಕರಗಿದ್ದ ಗಾಳಿಯೇ ಹಾಗೆ ಎಲೆಗೆ, ಗಾಜಿಗೆ ಅಂಟುತ್ತದೆ. ಗಿಡ ಇಲ್ಲದ ಬೀಕರಿನಲ್ಲೂ ಬರುತ್ತದೆ. ಕತ್ತರಿಸಿದ ದಂಟಿನ ತುದಿಯಿಂದ ಸಾಲಾಗಿ ಮಣಿಯ ಹಾಗೆ ಬರುವುದೇ ನಿಜವಾದದ್ದು. ಅದನ್ನು ನಿಮಿಷಕ್ಕೆ ಎಷ್ಟು ಅಂತ ಎಣಿಸಿ.

ನಮ್ಮ ಜಗದೀಶಚಂದ್ರ ಬೋಸರೂ ಈ ಹೈಡ್ರಿಲ್ಲಾದ ಗುಳ್ಳೆಗಳ ಹಿಂದೆ ಬಿದ್ದವರೇ. ಗುಳ್ಳೆ ತಾನಾಗಿ ದಾಖಲಾಗುವ ಯಂತ್ರ ಮಾಡಿ 1924ರಲ್ಲಿ ಪುಸ್ತಕ ಬರೆದರು. ಅವರ ಗೆಳೆಯ ಟ್ಯಾಗೋರರ ಹೆಸರು ನಮ್ಮ ಕಡಲತೀರಕ್ಕಿದೆ. ಸುಮ್ನೆ ಹೇಳಿದೆ, ಪರೀಕ್ಷೆಗೆ ಬರುವುದಿಲ್ಲ.

ಏಳನೇ_ಕ್ಲಾಸಿನ_ಅಪ್ಪ (ಹೊನ್ನಾವರ)

ವಾಟ್ಸಾಪಿನಲ್ಲಿ ಬರ್ತದಲ್ಲ, ಅಶ್ವತ್ಥ ಮರ 24 ತಾಸೂ ಆಮ್ಲಜನಕ ಕೊಡ್ತದೆ ಅಂತ. ಇನ್ನೊಂದು ಕಡೆ ರಾತ್ರಿ ಮರದ ಕೆಳಗೆ ಮಲಗಬೇಡಿ, ವಿಷಗಾಳಿ ಅಂತಾರೆ. ಯಾವುದು ಹೌದು?

ಬಯೋ_ತಂಗಿ

ಎರಡೂ ಅಲ್ಲ. ಬೆಳಕಿಲ್ಲದೆ ಯಾವ ಮರವೂ ಆಮ್ಲಜನಕ ಮಾಡುವುದಿಲ್ಲ, ಅಶ್ವತ್ಥವೂ ಮಾಡುವುದಿಲ್ಲ. ಆಮ್ಲಜನಕ ಬರುವುದೇ ಬೆಳಕು ನೀರನ್ನು ಒಡೆದಾಗ. 1941ರಲ್ಲಿ ರೂಬೆನ್ ಮತ್ತು ಕಾಮೆನ್ ಎಂಬ ವಿಜ್ಞಾನಿಗಳು ಭಾರದ ಆಮ್ಲಜನಕ (ಮಾಮೂಲಿಗಿಂತ ತೂಕದ್ದು, ಹಾಗಾಗಿ ಗುರುತು ಸಿಗುತ್ತದೆ) ಇರುವ ನೀರು ಕೊಟ್ಟು ಇದನ್ನು ತೋರಿಸಿದರು. ಮಕ್ಕಳು, ದೊಡ್ಡವರು ಕೂಡ, ಇಂಗಾಲದ ಡೈಆಕ್ಸೈಡಿನಿಂದ ಆಮ್ಲಜನಕ ಬಿಡಿಸಿ ಹೊರಗೆ ಬಿಡುತ್ತದೆ ಅಂತ ತಿಳಿದಿರುತ್ತಾರೆ. ಅಲ್ಲ, ಅದು ನೀರಿನದ್ದು. ಇನ್ನು ರಾತ್ರಿ ಮರ ಬಿಡುವ ಇಂಗಾಲದ ಡೈಆಕ್ಸೈಡಿಗೆ ಹೆದರುವುದಾದರೆ ಪಕ್ಕದಲ್ಲಿ ಗೊರಕೆ ಹೊಡೆಯುವವರಿಗೆ ಮೊದಲು ಹೆದರಬೇಕು. ಒಬ್ಬ ಮನುಷ್ಯ ದಿನಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ಬಿಡುತ್ತಾನೆ.

ಆದರೆ ರಾತ್ರಿ ಕೆಲಸ ಮಾಡುವ ಗಿಡಗಳು ನಿಜವಾಗಿ ಇವೆ. ನಮ್ಮ ಬನವಾಸಿ ಕಡೆಯ ಅನಾನಸ್ ಅವುಗಳಲ್ಲೊಂದು. ನೀರು ಉಳಿಸಲಿಕ್ಕೆ ಹಗಲು ಪತ್ರರಂಧ್ರ ಮುಚ್ಚಿ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಹುಳಿಯ ರೂಪದಲ್ಲಿ ಕೂಡಿಡುತ್ತದೆ. ಬೆಳಗಾದ ಮೇಲೆ ಬೆಳಕಿನಲ್ಲಿ ಅದನ್ನು ಬಿಡಿಸಿ ಸಕ್ಕರೆ ಕಟ್ಟುತ್ತದೆ. ಕಾಡುಬಸಳೆಯೂ ಹಾಗೇ. ಬೆಳಗಿನ ಜಾವ ಅದರ ಎಲೆಯ ತುದಿ ಒಂಚೂರು ಜಗಿದು ಉಗುಳಿ, ಹುಳಿ ಇರುತ್ತದೆ. ಸಂಜೆ ಮತ್ತೆ ನೋಡಿ, ಹುಳಿ ಹೋಗಿರುತ್ತದೆ. 1810ರ ದಶಕದಲ್ಲಿ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಕಂಡುಕೊಂಡದ್ದು ನಮ್ಮ ದೇಶದಲ್ಲೇ, ಹೀಗೇ ಬಾಯಿಗೆ ಹಾಕಿ.

ಹಾಳೆಟೊಪ್ಪಿ (ಸಿದ್ದಾಪುರ)

ಕಾಡುಬಸಳೆ ಇವತ್ತು ಬೆಳಗ್ಗೆ ತಿಂದೆ. ಹುಣಸೆ ಚಿಗುರಿನಷ್ಟಲ್ಲ, ಆದರೆ ಹುಳಿ ಹೌದು. ಸಂಜೆ ಸಪ್ಪೆ. ಅರವತ್ತು ವರ್ಷದಿಂದ ಹಿತ್ತಲಲ್ಲಿ ಇದೆ, ಇದೊಂದು ಗೊತ್ತಿರಲಿಲ್ಲ.

ಒಂದು ಒಪ್ಪಿಕೊಳ್ತೇನೆ. ಎಲೆಚುಕ್ಕಿ ರೋಗ ಬಂದ ವರ್ಷ ನಾನು ಗೊಬ್ಬರ ಏನೂ ಕಮ್ಮಿ ಹಾಕಿರಲಿಲ್ಲ. ಸೋಗೆ ತುಂಬ ಚುಕ್ಕಿ ಆಗಿ ಒಣಗಿತು. ಫಸಲು ಬಿತ್ತು. ಬುಡದಲ್ಲಿ ಗೊಬ್ಬರ ಇದ್ದೇ ಇತ್ತು, ಮೇಲೆ ಹಸಿರು ಇರಲಿಲ್ಲ. ಆವಾಗ ಹೀಗೆ ಯೋಚನೆ ಮಾಡಿರಲಿಲ್ಲ. ಆದರೆ ಒಂದು ಸಂಶಯ. ನಮ್ಮ ಮಾವಿನ ಮರದ ಮೇಲಿನ ಬಂದಳಿಕೆ ಕಳ್ಳ ಅಂತಾರೆ. ಅದರ ಎಲೆಯೂ ಹಸಿರೇ ಇದೆಯಲ್ಲ?

ಬಯೋ_ತಂಗಿ

ಅರ್ಧ ಕಳ್ಳ ಅಣ್ಣಾ. ನೀರು, ಉಪ್ಪು ಮಾವಿನದ್ದು. ಸಕ್ಕರೆ ಹೆಚ್ಚಿನದು ತನ್ನ ಎಲೆಯಲ್ಲೇ ಕಟ್ಟಿಕೊಳ್ಳುತ್ತದೆ. ಆದರೂ ಕಡಿದು ಹಾಕಿ.

ಘಟ್ಟದ_ಕೆಳಗಿನವ (ಅಂಕೋಲಾ)

ಎಲ್ಲ ತೋಟದವರೇ ಮಾತಾಡಿದಿರಿ. ನಮ್ಮ ಕಡೆ ಮಕ್ಕಳಿಗೆ ಅಡಿಕೆ ಮರ ಅಲ್ಲ, ತಾರ್ಲೆ ಮೀನು ಹೇಳಬೇಕು. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಸಮುದ್ರದಲ್ಲೇ ನಡೀತದೆ. ಮಾಡೋದು ಕಣ್ಣಿಗೆ ಕಾಣದ ತೇಲು ಸಸ್ಯಗಳು, ಪ್ಲಾಂಕ್ಟನ್. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್ ಇರ್ತದಲ್ಲ, ಆ ಮಳೆಗಾಲದಲ್ಲೇ ತಳದ ತಣ್ಣೀರು ಮೇಲೆ ಬಂದು ಅವಕ್ಕೆ ಗೊಬ್ಬರ ತರ್ತದೆ. ಅಕ್ಕೋರೆ, ಸಮುದ್ರಕ್ಕೂ ಉಪ್ಪು ಸಾಲುವುದಿಲ್ಲ ನೋಡಿ! ಆಮೇಲೆ ಪ್ಲಾಂಕ್ಟನ್ ಏಳ್ತದೆ, ಅದನ್ನು ತಾರ್ಲೆ ತಿಂತದೆ, ತಾರ್ಲೆ ನಾವು ತಿಂತೇವೆ. ಬಿಸಿಲಿಂದ ಬಾಯಿಗೆ ಎರಡೇ ಮೆಟ್ಟಿಲು.

ಅಕ್ಕೋರು_ಶಿರಸಿ

ಹತ್ತು ದಿನ ಆಯಿತು, ವರದಿ ಕೊಡಬೇಕು.

ಮೊದಲು ಫುಟ್‌ಬಾಲ್. ನಾಲ್ಕು ಗ್ರಾಂ ಜಾಸ್ತಿ ಬಂತು. ಮಕ್ಕಳು ನಂಬದೆ ಗಾಳಿ ಬಿಟ್ಟು ಮತ್ತೆ ತೂಗಿಸಿದರು.

ಆಮೇಲೆ ಒಲೆ. ಬಿಸಿಯೂಟದ ಕೋಣೆಯ ಹಿಂದೆ ಹಳೆಯ ಒಲೆ ಇತ್ತು. ಪೂರ್ತಿ ಗುಡಿಸಿ ಕ್ಲೀನ್ ಮಾಡಿದರು. ಮಕ್ಕಳು ಮನೆಯಿಂದ ಒಂದೊಂದು ಒಣ ಕಟ್ಟಿಗೆ ತಂದರು, ಎಲ್ಲ ಸೇರಿ ನಾಲ್ಕು ಕೆಜಿ. ಪಕ್ಕದ ಅಂಗಡಿಯ ತಕ್ಕಡಿ ಬೇಡಿ ತಂದೆವು. ಸುಡುವ ಮೊದಲು ಬೂದಿ ಎಷ್ಟು ಬರಬಹುದು ಅಂತ ಎಲ್ಲರೂ ಪಟ್ಟಿಯಲ್ಲಿ ಬರೆದರು. ಹೆಚ್ಚಿನವರು ಎರಡು ಕೆಜಿ ಅಂದರು. ತೀರಾ ಕಮ್ಮಿ ಹೇಳಿದವಳೂ ಅರ್ಧ ಕೆಜಿ ಅಂದಳು.

ಮೊದಲ ಸಲ ತೂಗಿದಾಗ 180 ಗ್ರಾಂ. ನೋಡಿದರೆ ತುಂಬಾ ಇದ್ದಿಲು ಸೇರಿತ್ತು. ಜರಡಿ ಹಿಡಿದು ಇದ್ದಿಲನ್ನು ಮತ್ತೆ ಒಲೆಗೆ ಹಾಕಿ ಊದುಗೊಳವೆಯಲ್ಲಿ ಊದಿ ಊದಿ ಸುಟ್ಟರು. ಅಲ್ಲೇ ಒಬ್ಬಳು ಕೇಳಿದಳು, "ಅಕ್ಕೋರೆ, ಈ ಕರಿ ಇದ್ದಿಲೇ ಇಂಗಾಲವಾ? ಇದು ಗಾಳಿಯಲ್ಲಿ ಇದ್ದದ್ದಾ?" ಕೈಯಲ್ಲಿ ಒಂದು ತುಂಡು ಹಿಡಿದುಕೊಂಡಿದ್ದಳು, ಬೆರಳೆಲ್ಲ ಕಪ್ಪು. ನಾನು ಹೌದು ಅಂದೆ. ಅವಳು ಅದನ್ನು ಒಲೆಗೆ ಹಾಕದೆ ಕಂಪಾಸು ಬಾಕ್ಸಿನಲ್ಲಿ ಇಟ್ಟುಕೊಂಡಳು. ಲೆಕ್ಕಕ್ಕೆ ಎರಡು ಮೂರು ಗ್ರಾಂ ಕಮ್ಮಿ ಆಗಿರಬಹುದು!

ಕೊನೆಗೆ ಬಂದದ್ದು 46 ಗ್ರಾಂ. ನಾಲ್ಕು ಕೆಜಿಗೆ. ಮಾಸ್ತರ ಕ್ಲಾಸ್ ರೂಮಿನ ಲೆಕ್ಕವನ್ನೂ ಮಾಡಿಸಿದೆ. ಕಟ್ಟಿಗೆಯಲ್ಲಿ ಉಳಿದ ತೇವ ಕಳೆದು ಇಂಗಾಲ ಒಂದೂಮುಕ್ಕಾಲು ಕೆಜಿ ಅಂತ ಹಿಡಿದರೆ ನಮ್ಮ ರೂಮಿನಂಥ ಹತ್ತಿರ ಹತ್ತಿರ ಎಂಬತ್ತು ರೂಮಿನ ಗಾಳಿ ಬೇಕು.

ಪಾಲಕ್ ಚಕ್ರವೂ ಆಯಿತು. ಕರೆಂಟ್ ಹೋಯಿತು, ಮೊಬೈಲ್ ಟಾರ್ಚಿನಲ್ಲಿ ಮುಗಿಸಿದೆವು. 20 ನಿಮಿಷ ಬೇಕಾಯಿತು. ಕೆಂಪು ಹರಿವೆ ಎಲೆ ತಂದು "ಇದು ಹಸಿರೇ ಇಲ್ಲವಲ್ಲ" ಅಂದವನೂ ಇದ್ದ. ಬಿಸಿನೀರಿಗೆ ಹಾಕಿದೆವು. ಕೆಂಪು ನೀರಿಗೆ ಬಿಟ್ಟು ಒಳಗಿನ ಹಸಿರು ಹೊರಬಿತ್ತು.

ಮತ್ತೆ ಅಡಿಕೆ ಮರ ತೋರಿಸಿ ಕೇಳಿದೆ. 22ರಲ್ಲಿ 15 ಜನ ಗಾಳಿ ಮತ್ತು ನೀರು ಅಂದರು. ನಾಲ್ಕು ಜನ ಗಾಳಿ, ನೀರು, ಸ್ವಲ್ಪ ಗೊಬ್ಬರ. ಮೂವರು ಇನ್ನೂ ಗೊಬ್ಬರದಲ್ಲೇ ಇದ್ದಾರೆ. ಅದರಲ್ಲೊಬ್ಬ "ನಮ್ಮ ಅಪ್ಪ ಹಾಗೇ ಹೇಳಿದ್ದು" ಅಂದ.

ಹಳೇ_ಮಾಸ್ತರ (ಕುಮಟಾ)

ಆ ನಾಲ್ಕು ಜನರ ಉತ್ತರವೇ ಎಲ್ಲಕ್ಕಿಂತ ಸರಿ. ಅವರಿಗೆ ಒಂದು ಮಾರ್ಕು ಜಾಸ್ತಿ ಕೊಡಿ.

ಹಾಳೆಟೊಪ್ಪಿ (ಸಿದ್ದಾಪುರ)

ಆ ಹುಡುಗನ ಅಪ್ಪ ನಾನಲ್ಲ, ಮೊದಲೇ ಹೇಳಿಬಿಡ್ತೇನೆ.

ಆ 46 ಗ್ರಾಂ ಬೂದಿ ಏನು ಮಾಡಿದಿರಿ?

ಅಕ್ಕೋರು_ಶಿರಸಿ

ಶಾಲೆಯ ತೊಂಡೆ ಚಪ್ಪರದ ಬುಡಕ್ಕೆ ಹಾಕಿದರು. ಯಾಕೆ ಅಂತ ಕೇಳಿದೆ. "ಉಪ್ಪು, ಅಕ್ಕೋರೆ."